ಎರಡೂ ಕಡೆಯ ಏಜೆಂಟು

ಇಲಿನಾಯ್‌ನಿಂದ ಮಿಶಿಗನ್‌ಗೆ ಬಂದ ಎರಡು ತಿಂಗಳಲ್ಲಿ ಉಪೇಂದ್ರನ ಸಂಸಾರಕ್ಕೆ ಎಲ್ಲವೂ ಬದಲಾಗಿತ್ತು. ಕಾರುಗಳ ನಂಬರ್ ಪ್ಲೇಟು, ಫೋನ್ ನಂಬರು, ಡಾಕ್ಟರು, ಮಗಳು ಧೃತಿಯ ಹೈಸ್ಕೂಲು. ಬದಲಾಗದೆ ಉಳಿದದ್ದು ಹೆಂಡತಿ ಪದ್ಮಜಾಳ ರಿಯಲ್ ಎಸ್ಟೇಟ್ ಲೈಸೆನ್ಸು ಒಂದೇ.

"ಅದೇನು ಮಹಾ! ಅಲ್ಲಿಂದ ಇಲ್ಲಿಗೆ ಟ್ರಾನ್ಸ್‌ಫರ್ ಮಾಡಿಸ್ಕೊಂಡ್ರಾಯ್ತು" ಎಂದು ಉಪೇಂದ್ರ ಇಲಿನಾಯ್‌ನ ನೇಪರ್‌ವಿಲ್ ಬಿಡುವಾಗಲೇ ಹೇಳಿದ್ದ. ಹೇಳದೆ ಅವನಿಗೂ ಬೇರೆ ದಾರಿ ಇರಲಿಲ್ಲ. ಹತ್ತೊಂಬತ್ತು ವರ್ಷ ದುಡಿದ ಟೆಲಿಕಾಂ ಕಂಪನಿ ಎರಡು ಸಾವಿರದ ಎಂಟರ ಮೇ ತಿಂಗಳಲ್ಲಿ ಅವನ ವಿಭಾಗವನ್ನೇ ಮುಚ್ಚಿತ್ತು. ಮೂರು ತಿಂಗಳು ಅಲೆದ ಮೇಲೆ ಮಿಶಿಗನ್‌ನ ವಿಕ್ಸಮ್ ಊರಿನ ಒಂದು ಕಾರ್ ಬಿಡಿಭಾಗದ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಸಂಬಳ ಹಿಂದಿನದರ ಮೂರರಲ್ಲಿ ಎರಡು ಪಾಲು. ನೇಪರ್‌ವಿಲ್ ಮನೆಗೆ ಗಿರಾಕಿ ಬರದೆ ಅದನ್ನು ಬಾಡಿಗೆಗೆ ಕೊಟ್ಟು, ಪಕ್ಕದ ಊರು ನೋವೈನಲ್ಲಿ ಎರಡು ಬೆಡ್‌ರೂಮಿನ ಅಪಾರ್ಟ್‌ಮೆಂಟ್ ಹಿಡಿದರು. ಒಂದು ಕೋಣೆ ಗಂಡಹೆಂಡತಿಗೆ, ಇನ್ನೊಂದು ಧೃತಿಗೆ. ಉಪೇಂದ್ರನ ತಂದೆ ವೆಂಕಟರಾಮು ಹಾಲಿನ ಸೋಫಾ ಮೇಲೆ ಮಲಗುತ್ತಿದ್ದರು. ಮೈಸೂರಿನ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಮೂವತ್ತು ವರ್ಷ ಗುಮಾಸ್ತರಾಗಿದ್ದು ನಿವೃತ್ತರಾದವರು. ಬೆಳಿಗ್ಗೆ ಐದೂವರೆಗೆಲ್ಲ ಎದ್ದು ಹೊದಿಕೆ ಮಡಿಸಿ ಸೋಫಾದ ಹಿಂದೆ ಇಡುತ್ತಿದ್ದರು, ಅಲ್ಲಿ ಯಾರೂ ಮಲಗಿಯೇ ಇರಲಿಲ್ಲವೇನೋ ಎನ್ನುವ ಹಾಗೆ.

ಪದ್ಮಜಾ ನೇಪರ್‌ವಿಲ್, ಅರೋರಾ ಕಡೆ ಏಳು ವರ್ಷದಲ್ಲಿ ನೂರರ ಮೇಲೆ ಮನೆ ಮಾರಿದ್ದಳು. ಅಲ್ಲಿನ ಕನ್ನಡದವರ ಗೃಹಪ್ರವೇಶ ಎಂದರೆ ಅವಳಿಲ್ಲದೆ ಆಗುತ್ತಿರಲಿಲ್ಲ. ಊಟಕ್ಕೆ ಮೊದಲ ಪಂಕ್ತಿಯಲ್ಲೇ ಕೂರಿಸಿ, ಹೊರಡುವಾಗ ಸೀರೆಯೋ ಬೆಳ್ಳಿಯ ಕುಂಕುಮದ ಬಟ್ಟಲೋ ಕೊಟ್ಟು ಕಳಿಸುತ್ತಿದ್ದರು. ಈಗ ಬೆಳಿಗ್ಗೆ ಒಂಬತ್ತಕ್ಕೆ ಅಡುಗೆ ಮುಗಿದರೆ ಮುಂದೇನು ಮಾಡಬೇಕೆಂದು ಅವಳಿಗೆ ತಿಳಿಯುತ್ತಿರಲಿಲ್ಲ.

ಅಕ್ಟೋಬರ್‌ನಲ್ಲಿ ಒಂದು ದಿನ ನೋವೈನ ಬ್ರೋಕರ್ ಮನೋಹರ್ ಆಫೀಸಿಗೆ ಹೋದಳು. ಬೆಂಗಳೂರಿನ ಬಸವನಗುಡಿಯವನು, ಐವತ್ತರ ಮೇಲಿನ ವಯಸ್ಸು. ಆಫೀಸಿನಲ್ಲಿ ಆರು ಮೇಜಿದ್ದವು, ಜನ ಇದ್ದದ್ದು ಎರಡರಲ್ಲಿ.

"ಮೇಡಂ, ಇದು ಡ್ರೈವಿಂಗ್ ಲೈಸೆನ್ಸ್ ಥರ ಅದನ್ನ ಕೊಟ್ಟು ಇದನ್ನ ಈಸ್ಕೊಳ್ಳೋದಲ್ಲ. ಮಿಶಿಗನ್‌ನೋರು ಇಲಿನಾಯ್ ಲೈಸೆನ್ಸ್ ಒಪ್ಪಲ್ಲ. ನಲವತ್ತು ಗಂಟೆ ಕ್ಲಾಸು, ಆಮೇಲೆ ಪರೀಕ್ಷೆ."

"ಏಳು ವರ್ಷ ಕೆಲಸ ಮಾಡಿದೀನಲ್ಲ ಮನೋಹರ್ ಅವರೇ?"

"ಎಪ್ಪತ್ತು ವರ್ಷ ಮಾಡಿದ್ರೂ ಅಷ್ಟೇ. ಪಾಸಾದ್ಮೇಲೆ ಅಲ್ಲಿನ ಇಲಾಖೆಯಿಂದ ನಿಮ್ಮ ಹಿಸ್ಟರಿ ಲೆಟರ್ ತರಿಸಿ, ಯಾವ ತಕರಾರೂ ಇಲ್ಲ ಅಂತ. ಕ್ಲೀನ್ ಇದ್ರೆ ನನ್ನ ಆಫೀಸಿನ ಕೆಳಗೆ ಲೈಸೆನ್ಸ್ ಹಾಕ್ಕೊಳ್ತೀನಿ. ಆದ್ರೆ ಒಂದು ಮಾತು. ಇಲ್ಲಿ ಈಗ ಯಾರೂ ಮನೆ ಕೊಳ್ತಿಲ್ಲ. ಬ್ಯಾಂಕಿನೋರು ಕಿತ್ಕೊಂಡ ಮನೆಗಳನ್ನ ಮಾರಿ ಹೊಟ್ಟೆ ಹೊರ್ಕೊಳ್ತಿದೀವಿ."

"ಅದನ್ನೇ ಮಾರ್ತೀನಿ."

ಆ ಸಂಜೆ ಊಟಕ್ಕೆ ಕೂತಾಗ ಉಪೇಂದ್ರ ಹುಳಿ ಕಲಸುತ್ತ ಕೇಳಿದ. "ಕ್ಲಾಸಿಗೆ ಎಷ್ಟಂತೆ?"

"ಇನ್ನೂರೈವತ್ತು ಡಾಲರ್. ಪರೀಕ್ಷೆಗೆ ಬೇರೆ."

"ಮನೆ ಕೊಳ್ಳೋರೇ ಇಲ್ಲ ಅಂತ ಅವನೇ ಹೇಳ್ತಾನೆ. ಅದಕ್ಕೆ ದುಡ್ಡು ಕೊಟ್ಟು ಕ್ಲಾಸಿಗೆ ಹೋಗ್ತೀಯಾ?"

"ಹಾಗಾದ್ರೆ ಇಲ್ಲಿ ಕೂತು ಏನ್ ಮಾಡ್ಲಿ ಹೇಳಿ. ನೇಪರ್‌ವಿಲ್ ಬಾಡಿಗೆ ಅಲ್ಲಿನ ಸಾಲದ ಕಂತಿಗೇ ಸಾಲ್ತಿಲ್ಲ. ನಿಮ್ಮ ಸಂಬಳದಲ್ಲಿ ಇವಳನ್ನ ಕಾಲೇಜಿಗೆ ಕಳಿಸೋಕಾಗುತ್ತಾ?"

ಧೃತಿ ತಟ್ಟೆಯಿಂದ ತಲೆ ಎತ್ತಲಿಲ್ಲ. "ಡೋಂಟ್ ಡ್ರ್ಯಾಗ್ ಮಿ ಇನ್‌ಟು ದಿಸ್. ಹೈಸ್ಕೂಲಿನ ಲಾಸ್ಟ್ ಇಯರ್‌ನಲ್ಲಿ ಹಳೇ ಸ್ಕೂಲ್ ಬಿಡ್ಸಿದ್ದು ನೀವು."

"ಕ್ಲಾಸಿಗೆ ಹೋಗ್ಲಿ ಬಿಡೋ" ಎಂದರು ವೆಂಕಟರಾಮು. "ಸಾರು ನಾನು ಮಾಡ್ತೀನಿ."

ನವೆಂಬರ್ ಪೂರ್ತಿ ಪದ್ಮಜಾ ವಾರಕ್ಕೆ ಮೂರು ಸಂಜೆ ಪ್ಲಿಮತ್‌ಗೆ ಹೋಗಿಬಂದಳು. ಕ್ಲಾಸಿನಲ್ಲಿ ಎಂಟು ಜನ. ಐವರು ಕಾರ್ ಕಂಪನಿಗಳಲ್ಲಿ ಕೆಲಸ ಕಳೆದುಕೊಂಡವರು. ಮನೆ ಮಾರುವ ಪಾಠ ಕಲಿಯುತ್ತಿದ್ದವರಲ್ಲಿ ಇಬ್ಬರ ಸ್ವಂತ ಮನೆಗಳೇ ಹರಾಜಿಗೆ ಬಂದಿದ್ದವು. ಮನೆಯಲ್ಲಿ ವೆಂಕಟರಾಮು ಸಾರು, ಪಲ್ಯ ಮಾಡಿಡುತ್ತಿದ್ದರು. ಹುಣಿಸೆಹಣ್ಣು ಜಾಸ್ತಿಯಾಗಿದೆ ಎಂದು ಉಪೇಂದ್ರ ಗೊಣಗುವುದು, ಪಾತ್ರೆ ತೊಳೆಯುವ ಸರದಿ ಯಾರದೆಂದು ಧೃತಿ ಜಗಳ ತೆಗೆಯುವುದು ದಿನವೂ ಇದ್ದದ್ದೇ. ಆದರೂ ಡಿಸೆಂಬರ್ ಎರಡನೇ ವಾರ ಪರೀಕ್ಷೆ ಪಾಸಾಗಿ ಪದ್ಮಜಾ ಮನೆಗೆ ಬಂದಾಗ ಎಲ್ಲರಿಗೂ ಖುಷಿಯಾಯಿತು. ಉಪೇಂದ್ರನೇ ಇಂಡಿಯನ್ ಅಂಗಡಿಗೆ ಹೋಗಿ ಒಂದು ಡಬ್ಬಿ ಮೈಸೂರ್ ಪಾಕ್ ತಂದ. "ಇನ್ನು ಆ ಲೆಟರ್ ಬಂದ್ರೆ ಮುಗೀತಲ್ಲ?" ಎಂದು ಎರಡು ಸಲ ಕೇಳಿದ.

ಲೆಟರ್ ಕ್ರಿಸ್‌ಮಸ್ ಕಳೆದ ಮೇಲೆ ಬಂತು. ಒಂದೇ ಹಾಳೆ. ಲೈಸೆನ್ಸು ಯಾವಾಗ ಸಿಕ್ಕಿತು, ಯಾವಾಗ ನವೀಕರಣವಾಯಿತು ಎಂಬುದರ ಕೆಳಗೆ ಒಂದು ಸಾಲು ಇತ್ತು: ದೂರು ಒಂದು ವಿಚಾರಣೆಯಲ್ಲಿದೆ. ಜೊತೆಗೆ ಬಂದ ಇನ್ನೊಂದು ಲಕೋಟೆಯಲ್ಲಿ ದೂರಿನ ಪ್ರತಿ. ನೇಪರ್‌ವಿಲ್ ವಿಳಾಸಕ್ಕೆ ಹೋಗಿ, ಅಲ್ಲಿನ ಬಾಡಿಗೆಯವರ ಕೈಯಲ್ಲಿ ಮೂರು ವಾರ ಇದ್ದು ಬಂದಿತ್ತು. ದೂರು ಕೊಟ್ಟವನ ಹೆಸರು ನೋಡಿ ಪದ್ಮಜಾ ಊಟದ ಮೇಜಿನ ಕುರ್ಚಿಯಲ್ಲಿ ಕೂತಳು.

"ಯಾರು?" ಎಂದ ಉಪೇಂದ್ರ.

"ಕಲ್ಲಿನಾಥ."

"ನಮ್ಮ ಕಲ್ಲಿನಾಥನಾ? ಅರೋರಾದೋನು? ಯುಗಾದಿಗೆ ನಮ್ಮನೇಲಿ ಊಟ ಮಾಡ್ತಿದ್ನಲ್ಲ!"

ಕಲ್ಲಿನಾಥ ಗದಗಿನ ಕಡೆಯವನು. ಒಂದು ಬ್ಯಾಂಕಿನ ಸಾಫ್ಟ್‌ವೇರ್ ವಿಭಾಗದಲ್ಲಿದ್ದ. ಎರಡು ಸಾವಿರದ ಆರರಲ್ಲಿ ಅವನಿಗೆ ಅರೋರಾದಲ್ಲಿ ಮನೆ ಕೊಡಿಸಿದವಳು ಪದ್ಮಜಾ. ಆ ಮನೆ ಮಾರುತ್ತಿದ್ದವರ ಏಜೆಂಟೂ ಅವಳೇ ಆಗಿದ್ದಳು. ಎರಡೂ ಕಡೆಗೆ ಒಬ್ಬರೇ ಏಜೆಂಟಾದರೆ ಕೊಳ್ಳುವವನಿಗೆ ಅದನ್ನು ವಿವರಿಸಿ ಹೇಳಿ, ಒಪ್ಪಿಗೆಯ ಫಾರ್ಮಿಗೆ ಸಹಿ ಹಾಕಿಸಬೇಕು. ಸಹಿ ಹಾಕಿಸಿದ್ದಳು. ಮಾರುವವರಿಗೆ ಅವಸರವಿತ್ತು, ಮುನ್ನೂರು ಸಾವಿರ ಡಾಲರಿಗೂ ಕೊಟ್ಟುಬಿಡುತ್ತಿದ್ದರು; ಅದು ಪದ್ಮಜಾಳಿಗೆ ಗೊತ್ತಿತ್ತು. ಕಲ್ಲಿನಾಥ ಕೊಟ್ಟದ್ದು ಮುನ್ನೂರ ಇಪ್ಪತ್ತು ಸಾವಿರ. ಎರಡು ಕಡೆಯ ಕಮಿಷನ್ನೂ ಸೇರಿ ಬಂದ ಹಣದಲ್ಲಿ ಪದ್ಮಜಾ ಬೆಳ್ಳಿ ಬಣ್ಣದ ಟೊಯೋಟಾ ವ್ಯಾನ್ ತೆಗೆದುಕೊಂಡಿದ್ದಳು. ಈಗ ಕಲ್ಲಿನಾಥನ ಕೆಲಸ ಹೋಗಿತ್ತು, ಮನೆಯ ಬೆಲೆ ಇನ್ನೂರ ಹತ್ತು ಸಾವಿರಕ್ಕೆ ಇಳಿದಿತ್ತು, ಬ್ಯಾಂಕು ಜಪ್ತಿ ನೋಟೀಸು ಕೊಟ್ಟಿತ್ತು. ಎರಡೂ ಕಡೆ ತಾನೇ ಇದ್ದೇನೆ ಎಂಬುದನ್ನು ಪದ್ಮಜಾ ತನಗೆ ವಿವರಿಸಲಿಲ್ಲ ಎಂಬುದು ಅವನ ದೂರು.

"ಸೈನ್ ಮಾಡಿದಾನಲ್ಲ ಅವನು!" ಉಪೇಂದ್ರನ ದನಿ ಏರಿತು. "ಫಾರ್ಮ್ ಇದೆಯಲ್ಲ ನಿನ್ ಹತ್ರ?"

"ಇದೆ."

"ಮತ್ತೆ?"

ವೆಂಕಟರಾಮು ಟಿ.ವಿ. ಸದ್ದು ಕಡಿಮೆ ಮಾಡಿದರು. "ಸಹಿಗೆ ಮುಂಚೆ ಓದಿ ಹೇಳಿದ್ಯೇನಮ್ಮ?"

"ಮೂವತ್ತು ಪೇಜ್ ಇರುತ್ತೆ ಮಾವ. ಯಾರು ಓದ್ತಾರೆ ಎಲ್ಲಾನೂ?"

"ಅದಲ್ಲ ನಾನು ಕೇಳಿದ್ದು."

ಧೃತಿ ತನ್ನ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. "ಅಮ್ಮ, ಡಿಡ್ ಯು ಟೆಲ್ ಹಿಮ್ ಆರ್ ನಾಟ್?"

ಪದ್ಮಜಾ ಎದ್ದು ಒಲೆಯ ಮೇಲಿದ್ದ ಅನ್ನದ ಪಾತ್ರೆ ಕೆಳಗಿಟ್ಟಳು.

ಜನವರಿ ಮೂರನೇ ಶನಿವಾರ ಅವಳು ಅರೋರಾಗೆ ಹೊರಟಳು. ದೂರು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂದು ಕಲ್ಲಿನಾಥನೇ ಬರೆದ ಹಾಗೆ ಪತ್ರವೊಂದನ್ನು ತಾನೇ ಟೈಪ್ ಮಾಡಿ ಚೀಲದಲ್ಲಿ ಇಟ್ಟುಕೊಂಡಿದ್ದಳು. ಉಪೇಂದ್ರನ ಕಂಪನಿಯಲ್ಲಿ ಶನಿವಾರವೂ ಕರೆಸಿದ್ದರು. "ನಾನು ಬರ್ತೀನಿ. ಹಿರಿಯರೊಬ್ಬರು ಜೊತೆಗಿದ್ರೆ ಮಾತು ಬೆಳೆಯಲ್ಲ" ಎಂದು ವೆಂಕಟರಾಮು ಸ್ವೆಟರ್ ಮೇಲೊಂದು ಸ್ವೆಟರ್ ಹಾಕಿ ವ್ಯಾನಿನಲ್ಲಿ ಕೂತರು. ಹೊರಗೆ ಒಂಬತ್ತು ಡಿಗ್ರಿ ಫ್ಯಾರನ್‌ಹೀಟ್, ನೀರು ಹೆಪ್ಪುಗಟ್ಟುವ ಚಳಿ. ಇಂಡಿಯಾನ ದಾಟುವವರೆಗೂ ರಸ್ತೆಯ ಇಕ್ಕೆಲದಲ್ಲಿ ಹಿಮ ಗುಡ್ಡೆಗುಡ್ಡೆಯಾಗಿ ಬಿದ್ದಿತ್ತು. ಬಸ್ ಸ್ಟ್ಯಾಂಡಿನಂಥ ಒಂದು ರೆಸ್ಟ್ ಏರಿಯಾದಲ್ಲಿ ನಿಲ್ಲಿಸಿ ಇಬ್ಬರೂ ಚಿತ್ರಾನ್ನ ತಿಂದರು.

ಕಲ್ಲಿನಾಥ ಬಾಗಿಲು ತೆರೆದವನು ಒಂದು ಕ್ಷಣ ನಿಂತು, ಆಮೇಲೆ ಹಿಂದೆ ಸರಿದ. "ಬರ್ರಿ ಅಕ್ಕಾರ. ಅಜ್ಜಾರೂ ಬಂದಾರ. ಬರ್ರಿ, ಒಳಗ ಬರ್ರಿ, ಥಂಡಿ ಭಾಳ ಅದ."

ಮನೆಯಲ್ಲಿ ಸೋಫಾ ಇರಲಿಲ್ಲ. ಮಾರಿಯಾಗಿತ್ತು. ಗೋಡೆಯುದ್ದಕ್ಕೂ ರಟ್ಟಿನ ಡಬ್ಬಿಗಳು. ಅವನ ಹೆಂಡತಿ ಭಾನು ಜಮಖಾನ ಹಾಸಿದಳು. "ಊಟ ಮಾಡೇ ಮಾತಾಡ್ರಿ" ಎಂದು ಪೇಪರ್ ತಟ್ಟೆಗಳಲ್ಲಿ ರೊಟ್ಟಿ, ಝುಣಕ, ಮೊಸರು ತಂದಿಟ್ಟಳು. "ತಾಟ ಎಲ್ಲಾ ಪ್ಯಾಕ್ ಆಗ್ಯಾವ್ರಿ, ತಪ್ಪ ತಿಳ್ಕೋಬ್ಯಾಡ್ರಿ." ಪದ್ಮಜಾ ಅರ್ಧ ರೊಟ್ಟಿಗೇ ನಿಲ್ಲಿಸಿದಳು. ವೆಂಕಟರಾಮು ಎರಡು ತಿಂದರು.

ಊಟವಾದ ಮೇಲೆ ಅವಳು ಶುರು ಮಾಡಿದಳು. "ಕಲ್ಲಿನಾಥ್, ನನ್ನ ಮೇಲೆ ಕಂಪ್ಲೇಂಟ್ ಕೊಡೋ ಮುಂಚೆ ನನಗೊಂದು ಫೋನ್ ಮಾಡಬಹುದಿತ್ತಲ್ವಾ?"

ಅವನು ತಲೆ ತಗ್ಗಿಸಿದ. "ನಾ ಬರದದ್ದಲ್ರೀ ಅದು. ವಕೀಲ ಬರದ. ಮನಿ ಹರಾಜ ಸ್ವಲ್ಪ ತಡಾ ಆಗ್ತದ ಅಂದ. ಇಲ್ಲಿ, ಇಲ್ಲಿ, ಇಲ್ಲಿ ಅಂತ ಮೂರ ಕಡೆ ತೋರ್ಸಿದ. ಸಹಿ ಮಾಡ್ದೆ. ನಾ ಓದ್ಲಿಲ್ಲ."

"ಓದದೆ ಸೈನ್ ಮಾಡಿದ್ರಾ? ನನ್ನ ಲೈಸೆನ್ಸೇ ಹೋಗುತ್ತೆ ಅದರಿಂದ!"

"ಅವತ್ತ ನೀವೂ ಹಂಗ ತೋರ್ಸಿದ್ರಿ ಅಕ್ಕಾರ" ಎಂದ ಕಲ್ಲಿನಾಥ. ದನಿಯಲ್ಲಿ ಸಿಟ್ಟಿರಲಿಲ್ಲ. "ಇದೇ ಅಡಗಿಮನ್ಯಾಗ. ಇದೆಲ್ಲಾ ಸುಮ್ನ ಫಾರ್ಮಾಲಿಟಿ, ಸೈನ್ ಮಾಡ್ರಿ ಅಂದ್ರಿ. ನಮ್ಮವ್ರು, ನಮ್ಮ ಅಕ್ಕಾರು ಅಂತ ನಾ ಮಾಡ್ದೆ."

ಪದ್ಮಜಾ ಚೀಲದಿಂದ ಪತ್ರ ತೆಗೆದು ಪೆನ್ನು ಮುಂದೆ ಹಿಡಿದಳು. ಕಲ್ಲಿನಾಥ ಪೆನ್ನು ತೆಗೆದುಕೊಂಡ. ಓದದೆಯೇ ಸಹಿಯ ಸಾಲಿನ ಮೇಲೆ ಪೆನ್ನಿಟ್ಟೂ ಆಗಿತ್ತು.

"ತಡಿಯಪ್ಪ" ಎಂದರು ವೆಂಕಟರಾಮು. "ಪದ್ಮಜಾ, ಓದಿ ಹೇಳು ಅವನಿಗೆ."

ಅವಳು ಓದಿದಳು. ಇಂಗ್ಲಿಷಿನಲ್ಲಿ ಒಂದೊಂದು ವಾಕ್ಯ, ಕನ್ನಡದಲ್ಲಿ ಅದರ ಅರ್ಥ. ದೂರನ್ನು ವಾಪಸು ತೆಗೆದುಕೊಳ್ಳುತ್ತಿದ್ದೇನೆ. ಗಡಿಬಿಡಿಯಲ್ಲಿ ಕೊಟ್ಟದ್ದು. ಇಬ್ಬರೂ ಸ್ನೇಹಿತರು. ಕೊನೆಯ ವಾಕ್ಯಕ್ಕೆ ಬಂದಾಗ ಅವಳ ದನಿ ತಗ್ಗಿತು. "ಸಹಿ ಮಾಡುವ ಮುಂಚೆ ಪದ್ಮಜಾ ಅವರು ನನಗೆ ಎಲ್ಲವನ್ನೂ ವಿವರಿಸಿದ್ದರು."

ಭಾನು ಗಂಡನ ಕಡೆ ನೋಡಿದಳು. ಕಲ್ಲಿನಾಥ ಪೆನ್ನನ್ನು ಜಮಖಾನದ ಮೇಲಿಟ್ಟ.

"ಬಾಕಿದೆಲ್ಲಾ ಬರದ್ಕೊಡ್ತೀನ್ರಿ ಅಕ್ಕಾರ. ಆ ಒಂದ ಸಾಲ ಬಿಟ್ಟ್. ಅದು ಖರೇ ಅಲ್ಲಲ್ರೀ."

"ಆ ಸಾಲಿಲ್ಲದಿದ್ರೆ ಆ ಪತ್ರದಿಂದ ನನಗೆ ಪ್ರಯೋಜನ ಇಲ್ಲ ಕಲ್ಲಿನಾಥ್."

"ಗೊತ್ತಾತ್ರಿ. ಆದ್ರೂ."

ಅವಳು ಹಾಳೆಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡಳು. ಬಾಗಿಲವರೆಗೆ ಬಂದ ಕಲ್ಲಿನಾಥ, "ಅವರು ವಿಚಾರಣಿಗೆ ಕರದ್ರ ನಾ ಹೋಗಂಗಿಲ್ರಿ. ನಂದ ಒಂದಲ್ಲ ಒಂದ ತಾಪತ್ರಯ ಅದ. ನೀವು ಏನ್ ಹೇಳ್ಕೋತೀರಿ ಹೇಳ್ಕೋರ್ರಿ" ಎಂದ. ಭಾನು ಉಳಿದ ಆರು ರೊಟ್ಟಿಗಳನ್ನು ಫಾಯಿಲ್‌ನಲ್ಲಿ ಸುತ್ತಿ ವೆಂಕಟರಾಮು ಕೈಗೆ ಕೊಟ್ಟಳು.

ಮನೆಗೆ ಬಂದು ವಿಷಯ ಹೇಳಿದಾಗ ಉಪೇಂದ್ರನಿಗೆ ಕೇಳಿಸಿದ್ದು ಒಂದೇ ಮಾತು. "ವಿಚಾರಣೆಗೆ ಬರಲ್ವಂತಾ? ಹಾಗಾದ್ರೆ ಮುಗೀತಲ್ಲ! ಸೈನ್ ಮಾಡಿದ ಫಾರ್ಮ್ ನಿನ್ ಹತ್ರ ಇದೆ. ವಿವರಿಸಿ ಹೇಳಿದೆ ಅಂತ ನೀನು ಹೇಳ್ತೀಯ. ಎದುರಿಗೆ ಹೇಳೋರು ಯಾರೂ ಇಲ್ಲ."

"ಅಪ್ಪ, ದಟ್ಸ್ ಲೈಯಿಂಗ್" ಎಂದಳು ಧೃತಿ.

"ಸುಮ್ನಿರು. ನಿನ್ನ ಆನ್ ಆರ್ಬರ್ ಫೀಸು ಯಾರು ಕಟ್ತಾರೆ? ನಿಮ್ ಕಲ್ಲಿನಾಥ್ ಅಂಕಲ್ ಕಟ್ತಾರಾ?"

ಧೃತಿಗೆ ಆನ್ ಆರ್ಬರ್‌ನ ಯೂನಿವರ್ಸಿಟಿಯಿಂದ ಪ್ರವೇಶದ ಪತ್ರ ಅದೇ ವಾರ ಬಂದಿತ್ತು. ಅವಳು ಕೋಣೆಗೆ ಹೋದಳು. ಅರ್ಧ ಗಂಟೆ ಬಿಟ್ಟು ಅಡುಗೆಮನೆಗೆ ಬಂದು ನೀರು ಕುಡಿಯುತ್ತ, "ಅಮ್ಮ, ಮೇಬಿ ಜಸ್ಟ್ ಸೇ ಯೆಸ್" ಎಂದಳು, ಮುಖ ನೋಡದೆ.

ಫೆಬ್ರವರಿ ಹನ್ನೆರಡರಂದು ಬೆಳಿಗ್ಗೆ ಹತ್ತಕ್ಕೆ ಫೋನಿನಲ್ಲಿ ವಿಚಾರಣೆ. ಉಪೇಂದ್ರ ಅರ್ಧ ದಿನ ರಜೆ ಹಾಕಿ ಮೇಜಿನ ಎದುರು ಕೂತ. ಫಾರ್ಮಿನ ಪ್ರತಿಯನ್ನು ಅವಳ ಮುಂದೆ ಇಟ್ಟು, ಕಲ್ಲಿನಾಥನ ಸಹಿಯ ಮೇಲೆ ಬೆರಳಿಟ್ಟು ತೋರಿಸಿದ. ವೆಂಕಟರಾಮು ಬಾಲ್ಕನಿಯ ಗಾಜಿನ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಹೊರಗೆ ನೋಡುತ್ತಿದ್ದರು.

ಇಲಿನಾಯ್ ಇಲಾಖೆಯ ಒಬ್ಬ ಹೆಂಗಸು ತುಂಬ ಮರ್ಯಾದೆಯಿಂದ ಮಾತಾಡಿದಳು. ಹೆಸರು, ಲೈಸೆನ್ಸ್ ನಂಬರು, ಮನೆಯ ವಿಳಾಸ, ಎರಡೂ ಕಡೆಯ ಕಮಿಷನ್ ಎಷ್ಟು ಎಂದೆಲ್ಲ ಕೇಳಿದಳು. ಪದ್ಮಜಾ ಎಲ್ಲಕ್ಕೂ ಉತ್ತರ ಕೊಟ್ಟಳು. ಹತ್ತು ನಿಮಿಷದ ಮೇಲೆ ಆ ಪ್ರಶ್ನೆ ಬಂತು. ಎರಡೂ ಕಡೆ ನೀವೇ ಏಜೆಂಟ್ ಎಂದರೆ ಏನರ್ಥ ಎಂಬುದನ್ನು ಸಹಿಗೆ ಮೊದಲು ಅವರಿಗೆ ವಿವರಿಸಿದಿರಾ?

ಉಪೇಂದ್ರ ತಲೆಯಾಡಿಸಿದ, ಹೌದೆನ್ನು ಎಂಬಂತೆ.

ಪದ್ಮಜಾ ಫಾರ್ಮನ್ನು ಪಕ್ಕಕ್ಕೆ ಸರಿಸಿದಳು. "ನೋ" ಎಂದಳು. "ಸೈನ್ ಮಾಡಿ ಅಂದೆ ಅಷ್ಟೇ. ವಿವರಿಸಲಿಲ್ಲ."

ಆ ಕಡೆಯ ಹೆಂಗಸು ಇನ್ನೊಂದು ಸಲ ಕೇಳಿ ಖಚಿತ ಮಾಡಿಕೊಂಡಳು. ಪದ್ಮಜಾ ಇನ್ನೊಂದು ಸಲ ಹಾಗೆಯೇ ಹೇಳಿದಳು. ಉಪೇಂದ್ರ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು, ಜಾಕೆಟ್ಟನ್ನೂ ತೆಗೆದುಕೊಳ್ಳದೆ ಹೊರಗೆ ಹೋದ. ಕಾರು ಸ್ಟಾರ್ಟ್ ಆದ ಸದ್ದು ಕೇಳಿಸಿತು.

ಸಂಜೆ ಆರಕ್ಕೆ ಬಂದವನು ಬೂಟು ಬಿಚ್ಚುತ್ತಲೇ ಶುರು ಮಾಡಿದ. "ಒಂದು ಹೌದು ಅನ್ನೋಕಾಗಲಿಲ್ವಾ ನಿನಗೆ? ಒಂದೇ ಒಂದು ಹೌದು!"

"ಆಗಲಿಲ್ಲ."

"ಏಳು ವರ್ಷ ಜನಕ್ಕೆ ಸುಳ್ಳು ಹೇಳಿ ಮನೆ ಮಾರಿದೆ. ಆಗ ಆಗ್ತಿತ್ತು. ಈಗ ನಮ್ಮ ಹೊಟ್ಟೆಗೆ ಬಂದಾಗ ಸತ್ಯವಂತೆ ಆದ್ಯಾ?"

"ಆಗ ನೀವು ಯಾಕೆ ಕೇಳಲಿಲ್ಲ? ವ್ಯಾನ್ ಮನೆಗೆ ತಂದ ದಿನ ಮೊದಲು ಡ್ರೈವ್ ಮಾಡ್ಕೊಂಡು ಹೋದೋರು ನೀವೇ."

ಉಪೇಂದ್ರ ಊಟ ಮಾಡಲಿಲ್ಲ. ಮಾರನೆಯ ದಿನದಿಂದ ಅವಳೊಡನೆ ಮಾತೂ ಬಿಟ್ಟ. ಉಪ್ಪು ಬೇಕಾದರೆ, "ಧೃತಿ, ಉಪ್ಪು ಕೇಳು" ಎನ್ನುವ. ಎರಡಡಿ ದೂರದಲ್ಲಿ ಕೂತ ಪದ್ಮಜಾ ಉಪ್ಪಿನ ಡಬ್ಬಿಯನ್ನು ಅವನತ್ತ ಸರಿಸುವಳು. ಧೃತಿ ಮೊದಮೊದಲು ಕಣ್ಣು ಹೊರಳಿಸುತ್ತಿದ್ದಳು. ಆಮೇಲಾಮೇಲೆ ತಟ್ಟೆಯನ್ನು ಕೋಣೆಗೇ ಒಯ್ಯತೊಡಗಿದಳು.

ಮಾರ್ಚ್‌ನಲ್ಲಿ ತೀರ್ಮಾನ ಬಂತು. ಇಲಿನಾಯ್ ಲೈಸೆನ್ಸು ಒಂದು ವರ್ಷ ಅಮಾನತು, ಮೇಲೆ ದಂಡ. ಮನೋಹರ್ ಫೋನಿನಲ್ಲಿ ಬಹಳ ಹೊತ್ತು ಸಮಾಧಾನ ಹೇಳಿ ಕೊನೆಗೆ, "ಈ ರೆಕಾರ್ಡ್ ಇಟ್ಕೊಂಡು ಮಿಶಿಗನ್‌ನಲ್ಲಿ ಅಪ್ಲೈ ಮಾಡಿದ್ರೂ ತಳ್ಳಿಹಾಕ್ತಾರೆ ಮೇಡಂ. ತಳ್ಳಿಹಾಕದಿದ್ರೂ ನನ್ನ ಆಫೀಸಿಗೆ ನಿಮ್ಮನ್ನ ತಗೊಳ್ಳೋಕಾಗಲ್ಲ. ಬೇಜಾರು ಮಾಡ್ಕೋಬೇಡಿ" ಎಂದ. ಅದಾದ ಎರಡು ವಾರಕ್ಕೆ ಕಲ್ಲಿನಾಥನ ಮನೆ ಹರಾಜಾಯಿತು. ಪದ್ಮಜಾ ಹೇಳಿದ ಸತ್ಯದಿಂದ ಹರಾಜು ಒಂದು ದಿನವೂ ಮುಂದೆ ಹೋಗಲಿಲ್ಲ. ಅವರಿಬ್ಬರೂ ಟೆಕ್ಸಸ್‌ನಲ್ಲಿದ್ದ ಭಾನುವಿನ ತಮ್ಮನ ಮನೆಗೆ ಹೋದರೆಂದು ಯಾರೋ ಹೇಳಿದರು.

ಅದೇ ತಿಂಗಳ ಕೊನೆಯ ಶುಕ್ರವಾರ ಉಪೇಂದ್ರ ಮಧ್ಯಾಹ್ನ ಎರಡಕ್ಕೇ ಮನೆಗೆ ಬಂದ. ಕೈಯಲ್ಲಿ ರಟ್ಟಿನ ಡಬ್ಬಿ. ಅದರಲ್ಲಿ ಕಾಫಿ ಮಗ್ಗು, ಕ್ಯಾಲ್ಕ್ಯುಲೇಟರು, ಧೃತಿಯ ಚಿಕ್ಕಂದಿನ ಫೋಟೋ. ಕಾರ್ ಕಂಪನಿಗಳೇ ಮುಳುಗುವಾಗ ಬಿಡಿಭಾಗ ಕೊಳ್ಳುವವರು ಯಾರು? ಅವನ ಜೊತೆ ನಲವತ್ತು ಜನರನ್ನು ತೆಗೆದಿದ್ದರು. ಪದ್ಮಜಾ ಡಬ್ಬಿ ಈಸಿಕೊಂಡಳು.

ಕೆಲಸ ಹೋದ ಮೇಲೆ ಇನ್ಶೂರೆನ್ಸೂ ಹೋಯಿತು. ವೆಂಕಟರಾಮುಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಎರಡು ವರ್ಷದ ಹಿಂದೆ ಹಾಕಿದ ಸ್ಟೆಂಟು. ಅವರ ಔಷಧಿ ಒಂದಕ್ಕೇ ತಿಂಗಳಿಗೆ ಅಪಾರ್ಟ್‌ಮೆಂಟ್ ಬಾಡಿಗೆಯ ಅರ್ಧದಷ್ಟಾಗುತ್ತದೆಂದು ಫಾರ್ಮಸಿಯವನು ಹೇಳಿದ. ಅವರು ಅದನ್ನು ಪಕ್ಕದಲ್ಲೇ ನಿಂತು ಕೇಳಿಸಿಕೊಂಡರು. ಭಾನುವಾರ ದೋಸೆ ತಿನ್ನುತ್ತ, "ನಾನು ಮೈಸೂರಿಗೆ ಹೋಗ್ತೀನಿ ಕಣೋ. ನಿಮ್ಮಕ್ಕನ ಮನೇಲಿರ್ತೀನಿ" ಎಂದರು.

"ಬೇಡಪ್ಪ" ಎಂದ ಉಪೇಂದ್ರ. ಆದರೆ ಅವನ ದನಿಯಲ್ಲಿ ಬಲವಿರಲಿಲ್ಲ. ಎಲ್ಲರಿಗೂ ಅದು ಕೇಳಿಸಿತು.

ಏಪ್ರಿಲ್‌ನಲ್ಲಿ ಅವರನ್ನು ಡೆಟ್ರಾಯ್ಟ್ ಏರ್‌ಪೋರ್ಟಿಗೆ ಬಿಡಲು ಎಲ್ಲರೂ ಹೋದರು. ಉಪೇಂದ್ರ, ಧೃತಿ ಸಾಲಿನಲ್ಲಿ ನಿಂತು ಸೂಟ್‌ಕೇಸುಗಳನ್ನು ತೂಕಕ್ಕೆ ಹಾಕಿಸುತ್ತಿದ್ದರು. ಗಾಲಿಕುರ್ಚಿಯಲ್ಲಿ ಕೂತ ವೆಂಕಟರಾಮು ಪಕ್ಕದಲ್ಲಿ ಪದ್ಮಜಾ ನಿಂತಿದ್ದಳು.

"ನನ್ನ ಮೇಲೆ ಕೋಪಾನಾ ಅಮ್ಮ?"

"ನಿಮ್ಮ ಮೇಲೆ ಯಾಕೆ ಮಾವ? ನೀವು ಸರಿಯಾಗೇ ಕೇಳಿದ್ರಿ. ಓದಿ ಹೇಳಿದ್ಯಾ ಅಂತ."

ಅವರು ಕೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡರು. "ನಮ್ಮ ರಿಜಿಸ್ಟ್ರಾರ್ ಆಫೀಸಲ್ಲಿ, ಪಕ್ಷಗಾರರಿಗೆ ಓದಿ ಹೇಳಲಾಗಿದೆ ಅಂತ ಕ್ರಯಪತ್ರದ ಹಿಂದೆ ಷರಾ ಬರೀತಿದ್ವಿ. ಮೂವತ್ತು ವರ್ಷ ಬರೆದೆ. ದಿನಕ್ಕೆ ಇಪ್ಪತ್ತು, ಮೂವತ್ತು. ಒಂದನ್ನೂ ಓದಿ ಹೇಳಿಲ್ಲ. ಎಷ್ಟೋ ಜನ ಹೆಬ್ಬೆಟ್ಟಿನೋರು. ಎಲ್ಲಿಗೆ ಒತ್ತಬೇಕು ಅಂತ ಬೆರಳು ಹಿಡಿದು ಒತ್ತಿಸ್ತಿದ್ದೆ."

ಪದ್ಮಜಾ ಅವರನ್ನೇ ನೋಡಿದಳು.

"ಆ ಫೋನು ನನಗೆ ಬಂದಿದ್ರೆ ಹೌದು ಅಂತಾನೇ ಹೇಳ್ತಿದ್ದೆ ಅನ್ಸುತ್ತೆ. ಮಕ್ಕಳಿಗೋಸ್ಕರ. ಉಪೇಂದ್ರನ್ನ ಓದಿಸಿದ್ದು ಆ ಕೆಲಸದಿಂದಲೇ. ಅದನ್ನ ನಿನಗೆ ಹೇಳದೆ ಹೋಗೋಕೆ ಮನಸ್ಸು ಬರಲಿಲ್ಲ."

ಅಷ್ಟರಲ್ಲಿ ಗಾಲಿಕುರ್ಚಿ ತಳ್ಳುವವಳು ಬಂದಳು. ಧೃತಿ ಓಡಿಬಂದು ತಾತನನ್ನು ತಬ್ಬಿಕೊಂಡು ಅತ್ತಳು. ಉಪೇಂದ್ರ ಬಗ್ಗಿ ಅಪ್ಪನ ಕಾಲು ಮುಟ್ಟಿದ. ತಪಾಸಣೆಯ ಸಾಲು ತಿರುಗುವಲ್ಲಿ ವೆಂಕಟರಾಮು ಒಮ್ಮೆ ಕೈ ಎತ್ತಿದರು. ಅಷ್ಟೇ.

ಮೇ ತಿಂಗಳಲ್ಲಿ ಧೃತಿ ಆನ್ ಆರ್ಬರ್‌ಗೆ ಬರುವುದಿಲ್ಲ ಎಂದು ಬರೆದು ಕಳಿಸಿ, ಹತ್ತಿರದ, ಫೀಸು ಕಡಿಮೆಯಿದ್ದ ಕಮ್ಯುನಿಟಿ ಕಾಲೇಜಿಗೆ ಸೇರಿಕೊಂಡಳು. ಸಂಜೆ ಇಂಡಿಯನ್ ಅಂಗಡಿಯಲ್ಲಿ ಕ್ಯಾಶಿಯರ್ ಕೆಲಸ. ಮನೆಗೆ ಬರುವಾಗ ಬಾಡಿದ ಕೊತ್ತಂಬರಿ, ಮೆತ್ತಗಾದ ಬದನೆಕಾಯಿ ತರುತ್ತಿದ್ದಳು. ಉಪೇಂದ್ರನ ಕಾರು ಮಾರಿದರು. ವ್ಯಾನ್ ಉಳಿಯಿತು. ನೇಪರ್‌ವಿಲ್‌ನ ಬಾಡಿಗೆಯವರು ಬಿಟ್ಟುಹೋದರು, ಕಂತು ಕಟ್ಟುವುದು ನಿಂತಿತು.

ಮನೋಹರ್ ಮತ್ತೊಮ್ಮೆ ಫೋನ್ ಮಾಡಿದ್ದು ಆಗಲೇ. "ಲೈಸೆನ್ಸ್ ಬೇಡದ ಒಂದು ಕೆಲಸ ಇದೆ ಮೇಡಂ. ನಿಮಗೆ ಹೇಳೋಕೆ ನನಗೇ ಸಂಕೋಚ."

ಕಂತು ನಿಂತ ಮನೆಗಳ ಪಟ್ಟಿಯನ್ನು ಒಂದು ಕಂಪನಿ ಬ್ಯಾಂಕುಗಳ ಪರವಾಗಿ ಕೊಡುತ್ತಿತ್ತು. ಮನೆಯ ಮುಂದೆ ಹೋಗಿ ಮೂರು ಫೋಟೋ ತೆಗೆಯಬೇಕು, ಒಳಗೆ ಜನ ಇದ್ದಾರೋ ಇಲ್ಲವೋ ನೋಡಿ ಹಾಳೆಯಲ್ಲಿ ಗುರುತು ಹಾಕಬೇಕು. ಮನೆಯೊಂದಕ್ಕೆ ಎಂಟು ಡಾಲರ್. ಪದ್ಮಜಾ ಮೊದಲ ವಾರ ಒಬ್ಬಳೇ ಹೋದಳು. ಗಾಡಿ ಓಡಿಸುತ್ತ ವಿಳಾಸ ಹುಡುಕುತ್ತ ದಿನಕ್ಕೆ ಎಂಟು ಮನೆ ಮುಗಿಸುವುದೇ ಕಷ್ಟವಾಯಿತು. ಎರಡನೇ ವಾರ ಒಂದು ಬೆಳಿಗ್ಗೆ ಅವಳು ಕೆಳಗಿಳಿದು ಬಂದಾಗ ಉಪೇಂದ್ರ ಆಗಲೇ ವ್ಯಾನಿನ ಡ್ರೈವರ್ ಸೀಟಿನಲ್ಲಿ ಕೂತಿದ್ದ. ಅವಳು ಆಚೆ ಕಡೆಯಿಂದ ಹತ್ತಿಕೊಂಡಳು.

ಜೂನ್ ಮೊದಲ ವಾರ ಅವರು ವಿಕ್ಸಮ್‌ನ ಒಂದು ಬಡಾವಣೆಯಲ್ಲಿದ್ದರು. ರೇಡಿಯೋದಲ್ಲಿ ದೊಡ್ಡ ಕಾರ್ ಕಂಪನಿಯೊಂದು ದಿವಾಳಿಗೆ ಅರ್ಜಿ ಹಾಕಿದ ಸುದ್ದಿ. ಉಪೇಂದ್ರ ರೇಡಿಯೋ ಆರಿಸಿದ. ಆ ಬೀದಿಯಲ್ಲಿ ಹನ್ನೊಂದು ಮನೆ, ಅದರಲ್ಲಿ ನಾಲ್ಕು ಪಟ್ಟಿಯಲ್ಲಿದ್ದವು. ಕೊನೆಯದರ ಮುಂದೆ ಹುಲ್ಲು ಮೊಣಕಾಲುದ್ದ ಬೆಳೆದಿತ್ತು. ಪರದೆಗಳು ಮುಚ್ಚಿದ್ದವು. ಪದ್ಮಜಾ ಫೋಟೋ ತೆಗೆದು, ಜನ ಇದ್ದಾರೋ ಎಂದು ನೋಡಲು ಬಾಗಿಲು ತಟ್ಟಿದಳು.

ಬಹಳ ಹೊತ್ತಿನ ಮೇಲೆ ಬಾಗಿಲು ಒಂದು ಗೇಣು ತೆರೆಯಿತು. ಮೂವತ್ತರ ಆಸುಪಾಸಿನ ಹೆಂಗಸು, ಹಣೆಯಲ್ಲಿ ಕುಂಕುಮ. ಪದ್ಮಜಾಳ ಕೈಯಲ್ಲಿದ್ದ ಕ್ಯಾಮೆರಾ ನೋಡಿದಳು, ಮುಖ ನೋಡಿದಳು.

"ನೀವು ಬಾಲಾಜಿ ದೇವಸ್ಥಾನದಲ್ಲಿ ಪ್ರಸಾದ ಬಡಿಸ್ತೀರಲ್ವಾ ಆಂಟಿ?"

"ಹೂಂ. ಒಂದೆರಡು ಸಲ."

"ಬ್ಯಾಂಕಿನೋರು ಕಳಿಸಿದ್ರಾ?" ಉತ್ತರಕ್ಕೆ ಕಾಯದೆ ಅವಳು ದನಿ ತಗ್ಗಿಸಿದಳು. "ಆಂಟಿ, ಯಾರೂ ಇಲ್ಲ ಅಂತ ಬರ್ಕೊಂಡ್ಬಿಡಿ. ಪ್ಲೀಸ್. ನಾವು ಲೈಟೂ ಹಾಕಲ್ಲ."

"ಯಾರೂ ಇಲ್ಲ ಅಂತ ಬರೆದ್ರೆ ಬಂದು ಬೀಗ ಬದಲಾಯಿಸ್ತಾರಮ್ಮ. ನಿಮ್ಮ ಸಾಮಾನು ಒಳಗೇ ಉಳ್ಕೊಳ್ಳುತ್ತೆ."

"ಇದೀವಿ ಅಂತ ಬರೆದ್ರೆ?"

"ಖಾಲಿ ಮಾಡಿ ಅಂತ ನೋಟೀಸು ಬರುತ್ತೆ. ಕೋರ್ಟಿಗೆ ಹೋಗಿ ಬರಬೇಕು ಅವರು. ಕೆಲವು ವಾರ ಹಿಡಿಯುತ್ತೆ."

"ಮನೆ ಉಳಿಯುತ್ತಾ ಆಂಟಿ?"

"ಇಲ್ಲಮ್ಮ. ಮನೆ ಉಳಿಯಲ್ಲ. ಟೈಮ್ ಸಿಗುತ್ತೆ ಅಷ್ಟೇ."

ಆ ಹೆಂಗಸು ಬಾಗಿಲಿನ ಅಂಚು ಹಿಡಿದುಕೊಂಡು ನಿಂತಳು. ಒಳಗಿನಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು. "ಹಾಗಾದ್ರೆ ಇದೀವಿ ಅಂತ ಹಾಕಿ" ಎಂದಳು. ಬಾಗಿಲು ಮುಚ್ಚಿತು.

ಪದ್ಮಜಾ ಹಾಳೆಯಲ್ಲಿ ಗುರುತು ಹಾಕಿ ವ್ಯಾನಿಗೆ ಬಂದು ಕೂತಳು. ಉಪೇಂದ್ರ ಸ್ಟೀರಿಂಗ್ ಮೇಲೆ ಎರಡೂ ಕೈ ಇಟ್ಟುಕೊಂಡು ಆ ಮನೆಯ ಬಾಗಿಲನ್ನೇ ನೋಡುತ್ತಿದ್ದ.

"ಏನ್ ಹಾಕ್ದೆ?" ಎಂದ. ಅವಳನ್ನು ಅವನು ನೇರವಾಗಿ ಏನಾದರೂ ಕೇಳಿ ನಾಲ್ಕು ತಿಂಗಳಾಗಿತ್ತು.

"ಇದಾರೆ ಅಂತ."

ಅವನು ತಲೆಯಾಡಿಸಿದ. ಕಿಟಕಿಯ ಗಾಜು ಸ್ವಲ್ಪ ಇಳಿಸಿದ.

"ಇವತ್ತಿಗೆ ಇನ್ನೆಷ್ಟಿವೆ?"

"ಹದಿನಾಲ್ಕು. ಎಲ್ಲ ಪ್ಲಿಮತ್ ಕಡೆ."

ಉಪೇಂದ್ರ ವ್ಯಾನನ್ನು ಹಿಂದಕ್ಕೆ ತೆಗೆದು ಬೀದಿಗೆ ತಿರುಗಿಸಿದ.